ದಿನಾ ಒಂದು ಗಂಟೆ ನಡೆದರೂ ನೆಲದಿಂದ ಏಳೋಕೆ ಯಾಕೆ ಕಷ್ಟ?

ಪ್ರಶ್ನೆ: ನನಗೆ 67 ವರ್ಷ. ಹಾಸನದಲ್ಲಿ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ನಿವೃತ್ತಿಯಾದಾಗಿನಿಂದ ದಿನಾ ಬೆಳಿಗ್ಗೆ ಒಂದು ಗಂಟೆ ವಾಕಿಂಗ್ ಮಾಡುತ್ತೇನೆ. ಸಕ್ಕರೆಗೂ ಬಿಪಿಗೂ ಮಾತ್ರೆ ಇದೆ, ಎರಡೂ ಹತೋಟಿಯಲ್ಲಿವೆ. ಆದರೆ ಈಚೆಗೆ ದೇವಸ್ಥಾನದಲ್ಲಿ, ಮದುವೆ ಮನೆಯಲ್ಲಿ ನೆಲದ ಮೇಲೆ ಕೂತರೆ ಏಳುವಾಗ ಯಾರಾದರೂ ಕೈ ಕೊಡಬೇಕು. ಬಸ್ಸಿನ ಮೊದಲ ಮೆಟ್ಟಿಲು ಹತ್ತಲು ಕಂಬಿ ಹಿಡಿದು ಮೈ ಎಳೆದುಕೊಳ್ಳಬೇಕು. ಮಗ ಜಿಮ್ ಸೇರಿ ಅನ್ನುತ್ತಾನೆ. ಈ ವಯಸ್ಸಿನಲ್ಲಿ ಭಾರ ಎತ್ತಬಹುದಾ? ಇನ್ನು ನನ್ನ ಹೆಂಡತಿಗೆ 62, ಮಂಡಿ ನೋವು. ವಾಕಿಂಗಿಗೆ ಬಾ ಅಂದರೆ, ದಿನವಿಡೀ ಮನೆಕೆಲಸ ಮಾಡುವವಳಿಗೆ ಬೇರೆ ವ್ಯಾಯಾಮ ಯಾಕೆ ಅನ್ನುತ್ತಾಳೆ. ಅದು ಸರಿಯಾ?

ಉತ್ತರ: ಮೇಷ್ಟ್ರೇ, ವಾಕಿಂಗ್ ಬಿಡಬೇಡಿ. ನಿಮ್ಮ ಸಕ್ಕರೆ, ಬಿಪಿ ಹತೋಟಿಯಲ್ಲಿರುವುದರಲ್ಲಿ ಅದರ ಪಾಲೂ ಇದೆ. ಆದರೆ ನೆಲದಿಂದ ಏಳುವ ಬಲವನ್ನು ವಾಕಿಂಗ್ ಕೊಡುವುದಿಲ್ಲ. ಹತ್ತು ವರ್ಷ ನಡೆದರೂ ಕೊಡುವುದಿಲ್ಲ. ಫಿಸಿಯೋಥೆರಪಿಗೆ ನನ್ನ ಹತ್ತಿರ ಬರುವ ಹಿರಿಯರಲ್ಲಿ ನಿಮ್ಮ ಹಾಗೆ ತಪ್ಪದೇ ನಡೆಯುವವರು ಬೇಕಾದಷ್ಟು ಜನ. ಸೋಫಾದಿಂದ ಏಳುವಾಗ ಎರಡೂ ಕೈ ಊರುವವರೂ ಅವರೇ.

ಸಮತಟ್ಟು ರಸ್ತೆಯಲ್ಲಿ ನಡೆಯುವಾಗ ಮಂಡಿ ಸ್ವಲ್ಪವೇ ಮಡಚುತ್ತದೆ. ತೊಡೆಯ ಸ್ನಾಯು ತನ್ನ ಬಲದಲ್ಲಿ ಒಂದು ಸಣ್ಣ ಪಾಲನ್ನಷ್ಟೇ ಖರ್ಚು ಮಾಡುತ್ತದೆ. ನೆಲದಿಂದ ಏಳುವಾಗ ಹಾಗಲ್ಲ. ಪೂರ್ತಿ ಮಡಚಿದ ಮಂಡಿಯಿಂದ ಇಡೀ ಮೈ ಭಾರವನ್ನು ಮೇಲಕ್ಕೆ ತರಬೇಕು. ಸ್ನಾಯುವಿನಲ್ಲಿ ಮುಖ್ಯವಾಗಿ ಎರಡು ಬಗೆಯ ಎಳೆಗಳಿವೆ. ಒಂದು ಬಗೆಯವು ನಿಧಾನ, ಬೇಗ ದಣಿಯುವುದಿಲ್ಲ. ವಾಕಿಂಗಿಗೆ ಬಹುಪಾಲು ಇವೇ ಸಾಕು. ಇನ್ನೊಂದು ಬಗೆಯವು ಒಮ್ಮೆಲೇ ಬಲ ಹಾಕುವಂಥವು. ಏಳಲು, ಮೆಟ್ಟಿಲು ಹತ್ತಲು, ಎಡವಿದಾಗ ಥಟ್ಟನೆ ಕಾಲು ಮುಂದಿಟ್ಟು ಸಾವರಿಸಿಕೊಳ್ಳಲು ಇವೇ ಬೇಕು. ವಯಸ್ಸಾಗುತ್ತಾ ಜಾಸ್ತಿ ಸೊರಗುವುದು ಈ ಎರಡನೆಯವೇ. ನೀವು ದಿನಾ ಒಂದು ಗಂಟೆ ಕೆಲಸ ಕೊಡುತ್ತಿರುವುದು ಮೊದಲನೆಯವಕ್ಕೆ.

ಸೊರಗುವುದು ಅಂದರೆ ಎಷ್ಟು? 70 ದಾಟಿದವರಲ್ಲಿ ಸ್ನಾಯುವಿನ ಗಾತ್ರ ವರ್ಷಕ್ಕೆ ಸುಮಾರು ಶೇ 1ರಷ್ಟು ಇಳಿಯುತ್ತದೆ. ಬಲ ಅದಕ್ಕಿಂತ ಎರಡು ಮೂರು ಪಟ್ಟು ವೇಗವಾಗಿ ಇಳಿಯುತ್ತದೆ. ಹಾಗಾಗಿ ಕನ್ನಡಿಯಲ್ಲಿ ಏನೂ ಗೊತ್ತಾಗುವುದಿಲ್ಲ, ಬಸ್ಸಿನ ಮೆಟ್ಟಿಲಲ್ಲಿ ಗೊತ್ತಾಗುತ್ತದೆ. ನಡುವೆ ಜ್ವರ, ಆಪರೇಷನ್ ಅಂತ ಮಲಗಿದರಂತೂ ಮುಗಿಯಿತು. 2007ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಬಂತು. ಸರಾಸರಿ ನಿಮ್ಮದೇ ವಯಸ್ಸಿನ ಆರೋಗ್ಯವಂತರನ್ನು 10 ದಿನ ಹಾಸಿಗೆಯಲ್ಲೇ ಇರಿಸಿದರು. ಅಷ್ಟರಲ್ಲೇ ಅವರ ಕಾಲುಗಳಿಂದ ಹತ್ತಿರ ಹತ್ತಿರ 1 ಕೆಜಿ ಸ್ನಾಯು ಕರಗಿತ್ತು. 'ವಯಸ್ಸಾಗಿದೆ, ಸುಮ್ನೆ ಮಲಗಿ ರೆಸ್ಟ್ ತಗೊಳ್ಳಿ' ಅಂತ ಮನೆಯವರು ಪ್ರೀತಿಯಿಂದಲೇ ಹೇಳುತ್ತಾರೆ. ಜ್ವರ ಇಳಿದ ಮೇಲೂ ಹಾಗೇ ಮಲಗಿಸಿಟ್ಟರೆ ಆ ಪ್ರೀತಿ ದುಬಾರಿಯಾಗುತ್ತದೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ: ಈ ವಯಸ್ಸಿನಲ್ಲಿ ಭಾರ ಎತ್ತಬಹುದಾ? ಎತ್ತಬಹುದು, ಎತ್ತಲೇಬೇಕು. 1990ರಲ್ಲಿ ಬಾಸ್ಟನ್‌ನಲ್ಲಿ ಮರಿಯಾ ಫಿಯಾಟರೋನ್ ಎಂಬ ವೈದ್ಯೆ ಮತ್ತು ಅವರ ತಂಡದವರು ವೃದ್ಧರ ಆರೈಕೆ ಕೇಂದ್ರವೊಂದರಲ್ಲಿದ್ದ 10 ಜನರನ್ನು ಆರಿಸಿಕೊಂಡರು. ಸರಾಸರಿ ವಯಸ್ಸು 90. ಎಲ್ಲರೂ ಸೊರಗಿದವರು, ಹಲವು ಕಾಯಿಲೆಗಳಿದ್ದವರು. ಎಂಟು ವಾರ ಅವರ ತೊಡೆಗಳಿಗೆ ಭಾರದ ವ್ಯಾಯಾಮ ಕೊಟ್ಟರು. ಹಗುರ ವ್ಯಾಯಾಮ ಅಲ್ಲ, ಅವರು ಎತ್ತಬಲ್ಲ ಗರಿಷ್ಠ ಭಾರದ ಶೇ 80ರವರೆಗೂ ಹೋದರು. ಕೊನೆಯವರೆಗೂ ಮಾಡಿದವರ ಕಾಲಿನ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತ್ತು. 90ಕ್ಕೆ ಸಾಧ್ಯವಾದದ್ದು 67ಕ್ಕೆ ಆಗದೇ ಇರುತ್ತದಾ?

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲೂ ಇದೇ ಇದೆ. 65 ದಾಟಿದವರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ ಮಾಡಬೇಕು. ಇದರಲ್ಲಿ ನೀವು ಪಾಸು, ನಿಮ್ಮದು 420 ನಿಮಿಷ. ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕು. ಮೂರು ಅಥವಾ ಹೆಚ್ಚು ದಿನ ಬಲದ ಜೊತೆಗೆ ಮೈಯ ಸಮತೋಲಕ್ಕೂ ಅಭ್ಯಾಸ ಬೇಕು. ಈ ಎರಡರಲ್ಲಿ ನಿಮ್ಮದು ಸೊನ್ನೆ.

ಮೊದಲು ಈಗ ಎಲ್ಲಿದ್ದೀರಿ ಅಂತ ನೋಡಿಕೊಳ್ಳಿ. ಕೈ ಇಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ತಾಗಿಸಿ ಇಡಿ. ಕೂರುವ ಜಾಗ ನೆಲದಿಂದ ಸುಮಾರು 43 ಸೆಂಟಿಮೀಟರ್ ಎತ್ತರವಿರಲಿ. ಎರಡೂ ಕೈಗಳನ್ನು ಎದೆ ಮೇಲೆ ಅಡ್ಡ ಕಟ್ಟಿಕೊಳ್ಳಿ. 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಪೂರ್ತಿ ಕೂರುತ್ತೀರಿ ಅಂತ ಪಕ್ಕದಲ್ಲೊಬ್ಬರು ಎಣಿಸಲಿ. ಅಮೆರಿಕದ ಅಳತೆಯ ಪ್ರಕಾರ 65ರಿಂದ 69ರ ಗಂಡಸರಿಗೆ 12ಕ್ಕಿಂತ ಕಡಿಮೆಯಾದರೆ ಕಾಲಿನ ಬಲ ಕಡಿಮೆ ಅಂತ ಲೆಕ್ಕ. 60ರಿಂದ 64ರ ಹೆಂಗಸರಿಗೂ ಅದೇ 12. ಒಂದು ಸಲ ಕೈ ಊರಿದರೂ ಸೊನ್ನೆ ಅಂಕ, ರಿಯಾಯಿತಿ ಇಲ್ಲ. ಬಂದ ಸಂಖ್ಯೆಯನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ.

ಈ ಪರೀಕ್ಷೆಯೇ ನಿಮ್ಮ ಮೊದಲ ವ್ಯಾಯಾಮ ಕೂಡ. ನಿಜ ಹೇಳಬೇಕೆಂದರೆ ಇದು ಅರ್ಧ ಬಸ್ಕಿ. ಮೇಷ್ಟ್ರಾಗಿ ನೀವು ಎಷ್ಟು ಮಕ್ಕಳ ಕೈಲಿ ಬಸ್ಕಿ ಹೊಡೆಸಿದ್ದೀರೋ, ಈಗ ನಿಮ್ಮ ಸರದಿ! ತಮಾಷೆಗೆ ಹೇಳಿದೆ. ಆದರೆ ಮೈಸೂರು, ದಾವಣಗೆರೆಯ ಗರಡಿಮನೆಗಳಲ್ಲಿ ಪೈಲ್ವಾನರ ತೊಡೆ ಗಟ್ಟಿಯಾಗಿದ್ದು ಇದೇ ಬಸ್ಕಿಯಿಂದ. ನಮ್ಮ ಹತ್ತಿರ ಇದ್ದ ಒಳ್ಳೆಯ ವ್ಯಾಯಾಮವನ್ನು ಶಾಲೆಯ ಶಿಕ್ಷೆ ಮಾಡಿ ಕೆಡಿಸಿದೆವು.

ಹೀಗೆ ಮಾಡಿ. ಕುರ್ಚಿಯ ತುದಿಗೆ ಸರಿಯಿರಿ. ಪಾದಗಳನ್ನು ಸೊಂಟದಷ್ಟು ಅಗಲಕ್ಕೆ ಇಟ್ಟು ಸ್ವಲ್ಪ ಹಿಂದಕ್ಕೆ ತನ್ನಿ, ಮಂಡಿಯ ನೇರಕ್ಕಿಂತ ಚೂರು ಒಳಗೆ. ಮೂಗು ಕಾಲ್ಬೆರಳ ಮೇಲೆ ಬರುವಷ್ಟು ಮುಂದಕ್ಕೆ ಬಾಗಿ, ಹಿಮ್ಮಡಿಯಿಂದ ನೆಲ ಒತ್ತಿ ಎದ್ದೇಳಿ. ಹೆಚ್ಚಿನವರು ಬೆನ್ನು ನೆಟ್ಟಗಿಟ್ಟುಕೊಂಡೇ ಏಳಲು ಹೋಗುತ್ತಾರೆ. ಆಗ ಭಾರವೆಲ್ಲ ಹಿಂದೆ ಉಳಿದು, ಎರಡು ಮೂರು ಸಲ ಜೋಲಿ ಹೊಡೆದು ಏಳಬೇಕಾಗುತ್ತದೆ. ಕೂರುವಾಗ ಧೊಪ್ಪನೆ ಬೀಳಬೇಡಿ. ಮನಸ್ಸಿನಲ್ಲೇ ನಾಲ್ಕು ಎಣಿಸುತ್ತಾ ಇಳಿಯಿರಿ. ಹೀಗೆ ನಿಧಾನ ಇಳಿಯುವುದರಲ್ಲೂ ಸ್ನಾಯುವಿಗೆ ಒಳ್ಳೆಯ ಕೆಲಸ ಸಿಗುತ್ತದೆ. ಮೇಲೆ ಬರುವಾಗ ಉಸಿರು ಬಿಡಿ. ಉಸಿರು ಬಿಗಿಹಿಡಿದರೆ ಬಿಪಿ ಒಮ್ಮೆಲೇ ಏರುತ್ತದೆ, ಬಿಪಿ ಮಾತ್ರೆ ತೆಗೆದುಕೊಳ್ಳುವವರು ಇದನ್ನು ಮರೆಯಲೇಬಾರದು.

ಎಂಟರಿಂದ ಹತ್ತು ಸಲ ಮಾಡಿ ಎರಡು ನಿಮಿಷ ಸುಧಾರಿಸಿಕೊಳ್ಳಿ. ಮತ್ತೆ ಎರಡು ಸುತ್ತು. ಇನ್ನೆರಡು ಸಲ ಹೇಗೋ ಆಗಬಹುದು ಅನ್ನಿಸುವಾಗ ಆ ಸುತ್ತು ನಿಲ್ಲಿಸಿ. ಅಷ್ಟು ಕಷ್ಟ ಆಗಬೇಕು. ಹರಟೆ ಹೊಡೆಯುತ್ತಾ ಸಲೀಸಾಗಿ 30 ಸಲ ಮಾಡಿದರೆ ಬಲ ಅಷ್ಟಾಗಿ ಬೆಳೆಯುವುದಿಲ್ಲ. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಮೊದಲ ವಾರ ತೊಡೆ ಹಿಡಿದುಕೊಳ್ಳುತ್ತದೆ. ಎರಡು ಮೂರು ದಿನದಲ್ಲಿ ಹೋಗುವ ಆ ನೋವಿಗೆ ಹೆದರಬೇಡಿ. ಕೀಲಿನೊಳಗೆ ಚುಚ್ಚಿದರೆ, ಊದಿಕೊಂಡರೆ ಅದು ಬೇರೆ, ಆಗ ನಿಲ್ಲಿಸಿ ತೋರಿಸಿ.

ಹತ್ತು ಸಲ ಸುಲಭವಾಯಿತು ಅನ್ನಿ, ಆಗ ಕಷ್ಟ ಹೆಚ್ಚಿಸಬೇಕು. ಜನ ಕೈಬಿಡುವುದು ಇಲ್ಲೇ. ಆರು ತಿಂಗಳು ಅದೇ ಕುರ್ಚಿ, ಅದೇ ಹತ್ತು ಸಲ ಮಾಡಿ 'ಏನೂ ಫಲ ಇಲ್ಲ' ಅನ್ನುತ್ತಾರೆ. ಒಂದು ಚೀಲಕ್ಕೆ 2 ಕೆಜಿ ರಾಗಿ ಹಾಕಿ ಎದೆಗವಚಿಕೊಂಡು ಏಳಿ. ಆಮೇಲೆ 3, ಆಮೇಲೆ 5. ಅಥವಾ ಕುರ್ಚಿ ಬಿಟ್ಟು ಅದಕ್ಕಿಂತ ತಗ್ಗಿನ ಸ್ಟೂಲಿಗೆ ಇಳಿಯಿರಿ. ಆರಂಭದಲ್ಲಿ ಕೈ ಊರದೆ ಏಳಲು ಆಗಲೇ ಇಲ್ಲವಾ? ಕುರ್ಚಿಯ ಮೇಲೆ ಒಂದೆರಡು ಗಟ್ಟಿ ದಿಂಬು ಹಾಕಿ ಎತ್ತರ ಮಾಡಿಕೊಂಡು ಶುರು ಮಾಡಿ, ಒಂದೊಂದೇ ತೆಗೆಯುತ್ತಾ ಬನ್ನಿ.

ಇದರ ಜೊತೆಗೆ ಮೂರು ನಾಲ್ಕು ಸಾಕು. ಅಡುಗೆಮನೆ ಕಟ್ಟೆ ಹಿಡಿದು ತುದಿಗಾಲಲ್ಲಿ ಏರಿ ಇಳಿಯುವುದು, ಮೀನಖಂಡಕ್ಕೆ. ಮನೆಯ ಮೆಟ್ಟಿಲಿನ ಮೊದಲ ಪಾವಟಿಗೆಯನ್ನು ಒಂದೇ ಕಾಲಿನಿಂದ ಹತ್ತು ಸಲ ಹತ್ತಿ ಇಳಿಯುವುದು, ಆಮೇಲೆ ಇನ್ನೊಂದು ಕಾಲು. ಬಸ್ಸಿನ ಮೆಟ್ಟಿಲಿಗೆ ಇದಕ್ಕಿಂತ ಒಳ್ಳೆಯ ತಯಾರಿ ಇಲ್ಲ. ಗೋಡೆಗೆ ಅಂಗೈ ಊರಿ ದಂಡ ಹೊಡೆಯುವುದು. ಎರಡು ಕೈಯಲ್ಲೂ ತೂಕದ ಚೀಲ ಹಿಡಿದು ಹಜಾರದ ಉದ್ದಕ್ಕೆ ಓಡಾಡುವುದು. ಎಲ್ಲ ಸೇರಿ ಅರ್ಧ ಗಂಟೆ ಆಗುವುದಿಲ್ಲ. ಆ ಮೂರು ದಿನ ವಾಕಿಂಗನ್ನು ಅರ್ಧಕ್ಕಿಳಿಸಿ, ಉಳಿದ ಸಮಯ ಇದಕ್ಕೆ ಕೊಡಿ.

ಈಗ ನೆಲದಿಂದ ಏಳುವ ವಿಷಯ. ಬಲ ಬರುವ ತನಕ ಕಾಯಬೇಕಿಲ್ಲ, ಅದಕ್ಕೊಂದು ಕ್ರಮ ಇದೆ. ನಾವು ಸಾಮಾನ್ಯವಾಗಿ ಚಕ್ಕಂಬಕ್ಕಲ ಹಾಕಿ ಕೂತಲ್ಲಿಂದ ನೇರ ಮೇಲೆ ಬರಲು ನೋಡುತ್ತೇವೆ. ಎಲ್ಲಕ್ಕಿಂತ ಕಷ್ಟದ ದಾರಿ ಅದು. ಬದಲಿಗೆ ಎರಡೂ ಅಂಗೈಗಳನ್ನು ಒಂದೇ ಪಕ್ಕದಲ್ಲಿ ನೆಲಕ್ಕೆ ಊರಿ, ಮೈಯನ್ನು ಆ ಕಡೆ ತಿರುಗಿಸಿ, ಅಂಬೆಗಾಲಿಗೆ ಬನ್ನಿ. ಗಟ್ಟಿಯಿರುವ ಕಾಲಿನ ಪಾದವನ್ನು ಮುಂದೆ ತಂದು ನೆಲಕ್ಕಿಡಿ. ಇನ್ನೊಂದು ಮಂಡಿ ನೆಲದಲ್ಲೇ ಇರಲಿ, ಆದರೆ ಆ ಪಾದದ ಬೆರಳುಗಳು ಮಡಚಿ ನೆಲ ಒತ್ತುತ್ತಿರಲಿ. ಎರಡೂ ಕೈ ಮುಂದಿನ ತೊಡೆಯ ಮೇಲೆ, ಅಥವಾ ಎದುರಿಗೆ ಕುರ್ಚಿ ಇದ್ದರೆ ಅದರ ಮೇಲೆ. ಈಗ ಮುಂದಕ್ಕೆ ಬಾಗಿ ಒತ್ತಿ ಏಳಿ. ಎದ್ದ ಕೂಡಲೇ ಹೆಜ್ಜೆ ಹಾಕಬೇಡಿ. ನಾಲ್ಕೈದು ಉಸಿರು ಅಲ್ಲೇ ನಿಲ್ಲಿ. ಬಿಪಿ ಮಾತ್ರೆಯವರಿಗೆ ಎದ್ದಾಗ ರಕ್ತದೊತ್ತಡ ಇಳಿದು ಕಣ್ಣು ಕತ್ತಲಿಟ್ಟುಕೊಳ್ಳುವುದು ಇದೆ.

ಇದನ್ನು ಚಾಪೆ ಹಾಸಿ, ಪಕ್ಕದಲ್ಲಿ ಮಗನನ್ನೋ ಹೆಂಡತಿಯನ್ನೋ ನಿಲ್ಲಿಸಿಕೊಂಡು ಅಭ್ಯಾಸ ಮಾಡಿ. ಆಮೇಲೆ ದಿನಕ್ಕೆ ಒಂದೆರಡು ಸಲ ನೆಲಕ್ಕೆ ಇಳಿದು ಏಳುವುದನ್ನು ರೂಢಿಗೆ ತನ್ನಿ. ಪೇಪರ್ ಓದಲು ನೆಲದಲ್ಲಿ ಕೂರಿ. ನಮ್ಮಲ್ಲಿ ಒಂದು ತಲೆಮಾರಿನೊಳಗೆ ಊಟ ಟೇಬಲಿಗೆ ಬಂತು, ಕಕ್ಕಸು ಕಮೋಡಾಯಿತು, ಮಲಗುವುದು ಮಂಚಕ್ಕೆ ಹೋಯಿತು. ಮಂಡಿ ಪೂರ್ತಿ ಮಡಚುವ ಸಂದರ್ಭವೇ ದಿನದಲ್ಲಿ ಇಲ್ಲ. ಕಮೋಡ್ ಬೇಡ ಅಂತ ನಾನು ಹೇಳುತ್ತಿಲ್ಲ, ಮಂಡಿ ನೋವಿನವರಿಗೆ ಅದು ವರವೇ. ಆದರೆ ಬಿಟ್ಟ ಚಲನೆಯನ್ನು ಬೇರೆ ಹೊತ್ತಿನಲ್ಲಾದರೂ ಮಾಡಬೇಕು. ನಾಳೆ ಎಲ್ಲಾದರೂ ಬಿದ್ದರೆ, ಪೆಟ್ಟಾಗದಿದ್ದರೂ ಏಳಲು ಬಾರದೆ ಗಂಟೆಗಟ್ಟಲೆ ನೆಲದಲ್ಲೇ ಉಳಿದವರಿದ್ದಾರೆ. ಮೇಲೆ ಹೇಳಿದ ಕ್ರಮ ಅಂಥ ಹೊತ್ತಿಗೂ ಬೇಕು.

ಬೀಳುವ ಮಾತು ಬಂದದ್ದರಿಂದ ಸಮತೋಲದ ವಿಷಯ ಹೇಳಿಬಿಡುತ್ತೇನೆ. 65 ದಾಟಿದವರಲ್ಲಿ ಸುಮಾರು ಮೂವರಲ್ಲೊಬ್ಬರು ವರ್ಷಕ್ಕೆ ಒಮ್ಮೆಯಾದರೂ ಬೀಳುತ್ತಾರೆ. ಸೊಂಟದ ಹತ್ತಿರ ತೊಡೆಮೂಳೆ ಮುರಿದರೆ ಅನೇಕರು ಮೊದಲಿನ ಹಾಗೆ ಓಡಾಡುವುದೇ ಇಲ್ಲ. ಸಮತೋಲ ಮತ್ತು ಕಾಲಿನ ಬಲಕ್ಕೆ ವ್ಯಾಯಾಮ ಮಾಡಿದವರಲ್ಲಿ ಬೀಳುವುದು ಸುಮಾರು ಕಾಲುಭಾಗ ಕಡಿಮೆಯಾಗುತ್ತದೆ, ಇದಕ್ಕೆ ಬೇಕಾದಷ್ಟು ಅಧ್ಯಯನಗಳ ಬೆಂಬಲ ಇದೆ. ಮಾಡುವುದೂ ಸುಲಭ. ಅಡುಗೆಮನೆ ಕಟ್ಟೆಯ ಪಕ್ಕ ನಿಂತು, ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗುವಂತೆ ಇಟ್ಟು ನಿಲ್ಲಿ. ಅದು ಸಲೀಸಾದ ಮೇಲೆ ಒಂಟಿ ಕಾಲಲ್ಲಿ 10 ಸೆಕೆಂಡ್. ಬ್ರೆಜಿಲ್‌ನಲ್ಲಿ 51ರಿಂದ 75ರ ನಡುವಿನ 1,702 ಜನರಿಗೆ ಈ ಪರೀಕ್ಷೆ ಮಾಡಿದಾಗ ಐವರಲ್ಲೊಬ್ಬರಿಗೆ 10 ಸೆಕೆಂಡ್ ನಿಲ್ಲಲು ಆಗಿರಲಿಲ್ಲ. ಬೆರಳ ತುದಿ ಕಟ್ಟೆಯ ಮೇಲಿರಲಿ, ಹಿಡಿಯುವುದು ಬೇಡ. ಹಾಲು ಉಕ್ಕುವುದನ್ನು ಕಾಯುವ ಹೊತ್ತು ಇದಕ್ಕೆ ಸಾಕು. ಅಂದಹಾಗೆ ಹಾಲು ಕಾಯಿಸುವ ಕೆಲಸ ಇಂದಿನಿಂದ ನಿಮ್ಮದು, ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮನೆಯನ್ನೂ ಒಮ್ಮೆ ನೋಡಿ. ಒದ್ದೆ ಬಚ್ಚಲು, ಸವೆದ ಹವಾಯಿ ಚಪ್ಪಲಿ, ಎತ್ತರದ ಹೊಸ್ತಿಲು, ಸುರುಳಿ ಏಳುವ ಕಾಲೊರಸು, ರಾತ್ರಿ ಎದ್ದಾಗ ಕೈಗೆ ಸಿಗದ ಸ್ವಿಚ್. ಬಚ್ಚಲಲ್ಲಿ ಗೋಡೆಗೆ ಒಂದು ಹಿಡಿಕೆ ಹಾಕಿಸಿ. ಟವೆಲ್ ರಾಡು ಹಿಡಿಕೆ ಅಲ್ಲ, ಮೈ ಭಾರ ಬಿದ್ದರೆ ಕಿತ್ತು ಬರುತ್ತದೆ.

ಜಿಮ್ ಬಗ್ಗೆ ಮಗ ಹೇಳಿದ್ದು ತಪ್ಪಲ್ಲ. ಯಂತ್ರದ ಮೇಲೆ ಕೂತು ಭಾರ ತಳ್ಳುವುದು, ಎಳೆಯುವುದು ಹಿರಿಯರಿಗೆ ಸುರಕ್ಷಿತವೇ. ಭಾರವನ್ನು ಸ್ವಲ್ಪ ಸ್ವಲ್ಪವೇ ಏರಿಸಲು ಅನುಕೂಲ ಕೂಡ. ಆದರೆ ಟ್ರೇನರ್ ಹೇಗಿದ್ದಾನೆ ನೋಡಿ. ನಿಮ್ಮ ಕಾಯಿಲೆ, ಮಾತ್ರೆ ಏನೂ ಕೇಳದೆ ನೇರ ಟ್ರೆಡ್‌ಮಿಲ್ ಹತ್ತಿಸಿದರೆ ವಾಪಸ್ ಬನ್ನಿ. ಪ್ರೋಟೀನ್ ಪುಡಿ ಡಬ್ಬಿ ಮಾರಲು ಬಂದರೂ ಬೇಡ ಅನ್ನಿ. ಪಾರ್ಕುಗಳಲ್ಲಿ ಹಾಕಿರುವ ಓಪನ್ ಜಿಮ್ ಬಗ್ಗೆ ನನಗೆ ಅಷ್ಟು ಉತ್ಸಾಹ ಇಲ್ಲ. ಕೂತು ಕಾಲಿನಿಂದ ತಳ್ಳುವ ಯಂತ್ರ ಪರವಾಗಿಲ್ಲ. ಗಾಳಿಯಲ್ಲಿ ಕಾಲು ಬೀಸುವುದರಲ್ಲಿ ಖುಷಿ ಇದೆ, ಬಲ ಬರುವುದಿಲ್ಲ. ತಟ್ಟೆ ಮೇಲೆ ನಿಂತು ಸೊಂಟ ಗರಗರ ತಿರುಗಿಸುವುದಂತೂ ಬೆನ್ನು ನೋವಿನವರಿಗೆ ಬೇಡವೇ ಬೇಡ.

ಯೋಗದ ಬಗ್ಗೆ ನೀವು ಕೇಳಿಲ್ಲ. ಆದರೂ ಪಾರ್ಕಿನಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಒಳ್ಳೆಯದೇ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ 90 ದಾಟಿದ ಮೇಲೂ ದಿನಾ ಆಸನ ಮಾಡುತ್ತಿದ್ದರು. ಮೈ ಬಗ್ಗದವರಿಗೆ ಕುರ್ಚಿ, ಹಗ್ಗ, ಮರದ ದಿಮ್ಮಿಯ ಆಸರೆ ಕೊಟ್ಟು ಆಸನ ಮಾಡಿಸಿದ್ದು ಅವರ ದೊಡ್ಡ ಕೊಡುಗೆ. ನಿಂತು ಮಾಡುವ ವೀರಭದ್ರಾಸನ, ಉತ್ಕಟಾಸನ, ವೃಕ್ಷಾಸನಗಳಲ್ಲಿ ಬಲ, ಸಮತೋಲ ಎರಡೂ ಇವೆ. ಬರೀ ಪ್ರಾಣಾಯಾಮ ಮಾಡಿ 'ನಾನು ಯೋಗ ಮಾಡುತ್ತೇನೆ' ಅಂದರೆ ಕಾಲಿಗೆ ಏನೂ ಸಿಗುವುದಿಲ್ಲ. ಮೂಳೆ ಟೊಳ್ಳಾಗಿದೆ ಅಂತ ಡಾಕ್ಟರ್ ಹೇಳಿದ್ದರೆ, ಬೆನ್ನು ಪೂರ್ತಿ ಮುಂದಕ್ಕೆ ಬಗ್ಗಿಸುವ ಪಶ್ಚಿಮೋತ್ತಾನಾಸನದಂಥವನ್ನು ಬಿಡಿ.

ಸಕ್ಕರೆಗೆ ಬಂದರೆ, ನಿಮ್ಮ ಒಂದು ಗಂಟೆಯನ್ನು ಒಡೆಯುವುದು ಲಾಭ. ಬೆಳಿಗ್ಗೆ ಅರ್ಧ ಗಂಟೆ ಸಾಕು. ತಿಂಡಿ, ಊಟ, ರಾತ್ರಿಯೂಟದ ನಂತರ 10 ನಿಮಿಷ ಸುಮ್ನೆ ಓಡಾಡಿ. ಊಟದ ನಂತರ ಏರುವ ಸಕ್ಕರೆಗೆ ಹೀಗೆ ಒಡೆದು ನಡೆಯುವುದೇ ಒಂದೇ ಸಲ ಅರ್ಧ ಗಂಟೆ ನಡೆಯುವುದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ನ್ಯೂಜಿಲೆಂಡಿನ ಸಂಶೋಧಕರು 2016ರಲ್ಲಿ ತೋರಿಸಿದ್ದಾರೆ. ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ಇದ್ದರೆ ಖಾಲಿ ಹೊಟ್ಟೆಯಲ್ಲಿ ದೊಡ್ಡ ವ್ಯಾಯಾಮ ಬೇಡ, ಸಕ್ಕರೆ ತೀರಾ ಇಳಿದುಬಿಡಬಹುದು. ಜೇಬಿನಲ್ಲಿ ಬೆಲ್ಲವೋ ಗ್ಲೂಕೋಸೋ ಇರಲಿ. ಬರಿಗಾಲಲ್ಲಿ ಹುಲ್ಲಿನ ಮೇಲೆ ನಡೆಯುವ ಚಟ ಇದ್ದರೆ ಬಿಟ್ಟುಬಿಡಿ. ಅಂಗಾಲಿನ ಸ್ಪರ್ಶ ಮಂಕಾದವರಿಗೆ ಮುಳ್ಳು ಚುಚ್ಚಿದ್ದೂ ಗೊತ್ತಾಗುವುದಿಲ್ಲ.

ಈಗ ನಿಮ್ಮ ಮನೆಯವರ ಮಾತು. ಅವರು ಹೇಳುವುದು ಅರ್ಧ ಸರಿ. ಗುಡಿಸುವುದು, ಒರೆಸುವುದು, ಬಟ್ಟೆ ಹಿಂಡಿ ಹರವುವುದು ಎಲ್ಲವೂ ಚಟುವಟಿಕೆಯೇ. ದಿನವಿಡೀ ಕೂತಿರುವುದಕ್ಕಿಂತ ಎಷ್ಟೋ ವಾಸಿ. ಆದರೆ ಮನೆಕೆಲಸದಲ್ಲಿ ಅದೇ ಅದೇ ಚಲನೆ, ಅಷ್ಟೇ ಭಾರ, ಹೆಚ್ಚು ಹೊತ್ತು ನಿಂತೇ ಇರುವುದು. ಮೈ ದಣಿಯುತ್ತದೆ, ಬಲ ಏರುವುದಿಲ್ಲ. ರುಬ್ಬುವ ಕಲ್ಲು, ಬಾವಿ ಹಗ್ಗ, ಬಿಂದಿಗೆ ಇದ್ದ ಕಾಲದ ಮನೆಕೆಲಸ ಬೇರೆ, ಮಿಕ್ಸಿ ನಲ್ಲಿಗಳ ಮನೆಕೆಲಸ ಬೇರೆ. ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ನೀವು ನಿವೃತ್ತರಾದಿರಿ, ಅವರಾಗಲಿಲ್ಲ. ಬೆಳಿಗ್ಗೆ ನೀವು ವಾಕಿಂಗ್ ಹೊರಟಾಗ ಅವರು ತಿಂಡಿಗೆ ನಿಂತಿರುತ್ತಾರೆ. ಅವರಿಗೂ ದಿನಕ್ಕೆ ಅರ್ಧ ಗಂಟೆ ಸಿಗಬೇಕಾದರೆ ಯಾರಾದರೂ ಅಡುಗೆಮನೆ ನೋಡಿಕೊಳ್ಳಬೇಕಲ್ವಾ? ಹಾಲು ಕಾಯಿಸಲು ಹೇಳಿದ್ದು ಇದಕ್ಕೇ.

ಮಂಡಿ ಸವೆದಿದೆ ಅಂದ ಕೂಡಲೇ ಜನ ಮಂಡಿಗೆ ವಿಶ್ರಾಂತಿ ಕೊಡುತ್ತಾರೆ. ತೊಡೆ ಸೊರಗುತ್ತದೆ. ಭಾರ ಇನ್ನೂ ಜಾಸ್ತಿ ಕೀಲಿನ ಮೇಲೆ ಬೀಳುತ್ತದೆ. ನೋವು ಹೆಚ್ಚುತ್ತದೆ, ಇನ್ನಷ್ಟು ವಿಶ್ರಾಂತಿ. ಈ ಸುತ್ತನ್ನು ಮುರಿಯುವುದು ತೊಡೆಯ ವ್ಯಾಯಾಮ. ಮಂಡಿ ಸವೆತಕ್ಕೆ ಎಣ್ಣೆ, ಬೆಲ್ಟು, ಇಂಜೆಕ್ಷನ್ನುಗಳಿಗಿಂತ ಮೊದಲು ಬರಬೇಕಾದ ಚಿಕಿತ್ಸೆ ಇದೇ. ಮಲಗಿ ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ಅದನ್ನು ಕೆಳಕ್ಕೆ ಒತ್ತಿ ಐದು ಎಣಿಸುವುದರಿಂದ ಶುರು ಮಾಡಲಿ. ಆಮೇಲೆ ಕುರ್ಚಿಯಲ್ಲಿ ಕೂತು ಕಾಲು ನೀಡುವುದು, ಮತ್ತೆ ದಿಂಬು ಹಾಕಿದ ಎತ್ತರದ ಕುರ್ಚಿಯಿಂದ ಏಳುವುದು. ವ್ಯಾಯಾಮದ ಹೊತ್ತಿನ ಸ್ವಲ್ಪ ನೋವು ಪರವಾಗಿಲ್ಲ. ಮರುದಿನ ಬೆಳಿಗ್ಗೆಗೂ ನೋವು ಹೆಚ್ಚೇ ಇದ್ದರೆ ಮುಂದಿನ ಸಲ ಕಡಿಮೆ ಮಾಡಲಿ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಟೊಳ್ಳಾಗುತ್ತದೆ. ಮೂಳೆ ಗಟ್ಟಿಯಿರಲು ಕ್ಯಾಲ್ಸಿಯಂ ಜೊತೆಗೆ ಮೈ ಭಾರ ಹೊರುವ ವ್ಯಾಯಾಮವೂ ಬೇಕು.

ಊಟದ ವಿಷಯ ಬಿಟ್ಟರೆ ಉತ್ತರ ಪೂರ್ತಿಯಾಗುವುದಿಲ್ಲ. ವ್ಯಾಯಾಮ ಮಾಡಿ ಪ್ರೋಟೀನ್ ತಿನ್ನದಿದ್ದರೆ ಗಾರೆಯವನನ್ನು ಕರೆಸಿ ಇಟ್ಟಿಗೆ ತರಿಸದೇ ಇದ್ದ ಹಾಗೆ. ನಮ್ಮ ದೇಶದ ಶಿಫಾರಸು ದೊಡ್ಡವರಿಗೆ ದಿನಕ್ಕೆ ಕೆಜಿ ತೂಕಕ್ಕೆ 0.83 ಗ್ರಾಂ. 65 ದಾಟಿದವರಿಗೆ 1ರಿಂದ 1.2 ಗ್ರಾಂ ಬೇಕು ಅನ್ನುವುದು ಈ ವಿಷಯ ಅಧ್ಯಯನ ಮಾಡಿದ ತಜ್ಞರ ಮಾತು. ನೀವು 65 ಕೆಜಿ ಇದ್ದರೆ 65ರಿಂದ 78 ಗ್ರಾಂ. ನಿಮ್ಮ ತಟ್ಟೆ ಲೆಕ್ಕ ಹಾಕಿ. ಮೂರು ಇಡ್ಲಿಗೆ ಸುಮಾರು 6 ಗ್ರಾಂ. 100 ಗ್ರಾಂ ರಾಗಿ ಹಿಟ್ಟಿನ ಮುದ್ದೆಗೆ ಸುಮಾರು 7. ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳ, ಪ್ರೋಟೀನ್ ಅಷ್ಟಕ್ಕಷ್ಟೆ. ತಿಳಿಸಾರಿನಲ್ಲಿ ಬೇಳೆ ಹುಡುಕಬೇಕು. ಒಂದು ಲೋಟ ಹಾಲಿಗೆ 6, ಒಂದು ಮೊಟ್ಟೆಗೆ 6, ಒಂದು ಹಿಡಿ ಕಡಲೇಕಾಯಿ ಬೀಜಕ್ಕೆ 6. ಹುರುಳಿ, ಹೆಸರು, ಅಲಸಂದೆಯಂಥ ಒಣ ಕಾಳು 100 ಗ್ರಾಮಿಗೆ 22ರಿಂದ 24. ಹಾಗಾಗಿ ಸಾರು ತೆಳ್ಳಗೆ ಮಾಡದೆ ಕಾಳು ಗಟ್ಟಿಯಾಗಿ ಬಡಿಸಿಕೊಳ್ಳಿ, ಬೆಳಗಿನ ತಿಂಡಿಗೆ ಉಸಲಿಯೋ ಮೊಟ್ಟೆಯೋ ಸೇರಿಸಿ. ಮೀನು, ಕೋಳಿ ತಿನ್ನುವ ಮನೆಯಾದರೆ ಈ ಲೆಕ್ಕ ಬೇಗ ತುಂಬುತ್ತದೆ. ಒಂದು ಎಚ್ಚರಿಕೆ: ಸಕ್ಕರೆ ಕಾಯಿಲೆಯವರು ಮೂತ್ರಪಿಂಡದ ಪರೀಕ್ಷೆ ನೋಡದೆ ಪ್ರೋಟೀನ್ ಏರಿಸಬಾರದು.

ಎಷ್ಟು ದಿನಕ್ಕೆ ಫಲ ಅಂದರೆ, ಮೊದಲ ಮೂರು ನಾಲ್ಕು ವಾರದಲ್ಲೇ ಏಳುವುದು ಹಗುರ ಅನ್ನಿಸುತ್ತದೆ. ಸ್ನಾಯು ಅಷ್ಟರಲ್ಲಿ ದಪ್ಪವಾಗಿರುವುದಿಲ್ಲ, ನರಗಳು ಇರುವ ಸ್ನಾಯುವನ್ನು ಚೆನ್ನಾಗಿ ಬಳಸಲು ಕಲಿತಿರುತ್ತವೆ. ನಿಜವಾದ ಬೆಳವಣಿಗೆಗೆ ಮೂರು ತಿಂಗಳು ಕೊಡಿ. ಆಗ ಕುರ್ಚಿ ಪರೀಕ್ಷೆಯನ್ನು ಮತ್ತೆ ಮಾಡಿ. ಒಂದು ಗುರಿ ಬೇಕು ಅನ್ನಿಸಿದರೆ ನಿಮ್ಮ ಜಿಲ್ಲೆಯಲ್ಲೇ ಶ್ರವಣಬೆಳಗೊಳದ ವಿಂಧ್ಯಗಿರಿ ಇದೆ, 600ಕ್ಕೂ ಹೆಚ್ಚು ಮೆಟ್ಟಿಲು. ವರ್ಷದ ಕೊನೆಗೆ ಹೋಗಿಬನ್ನಿ. ಆದರೆ ಹತ್ತುವಾಗಿನ ಏದುಸಿರಿಗಿಂತ ಇಳಿಯುವಾಗ ತೊಡೆ ನಡುಗುವುದರ ಬಗ್ಗೆ ಹುಷಾರಾಗಿರಿ, ಪಕ್ಕದ ಕಂಬಿ ಬಿಡಬೇಡಿ.

ಶುರು ಮಾಡುವ ಮುಂಚೆ ನಿಮ್ಮ ಡಾಕ್ಟರಿಗೆ ಒಂದು ಮಾತು ಹೇಳಿ. ಅಲ್ಲಿ ಮೂರು ವಿಷಯ ಕೇಳಿ. ಒಂದು, ಬಿಪಿಯನ್ನು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ನೋಡಲಿ. ನಿಂತಾಗ ಮೇಲಿನ ಸಂಖ್ಯೆ 20 ಅಥವಾ ಹೆಚ್ಚು ಇಳಿದರೆ ಮಾತ್ರೆ ಹೊಂದಿಸಬೇಕಾಗಬಹುದು. ಎರಡು, ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಮಾತ್ರೆಯನ್ನು ಹಲವು ವರ್ಷ ತೆಗೆದುಕೊಂಡವರಿಗೆ ಬಿ12 ಕಡಿಮೆಯಾಗಿ ಕಾಲು ಜೋಮು, ತೂರಾಟ ಬರುವುದುಂಟು. ಅದನ್ನೂ ವಿಟಮಿನ್ ಡಿಯನ್ನೂ ಪರೀಕ್ಷಿಸಬೇಕಾ ಕೇಳಿ. ಮೂರು, ಸಕ್ಕರೆಯಿಂದ ಕಣ್ಣಿನ ಪರದೆಗೆ ತೊಂದರೆ ಆಗಿದೆಯಾ ಅಂತ ಕಣ್ಣಿನ ಪರೀಕ್ಷೆ ಆಗಿರಲಿ. ಆಗಿದ್ದರೆ ಉಸಿರು ಬಿಗಿಹಿಡಿದು ಭಾರ ಎತ್ತುವಂತಿಲ್ಲ. ವ್ಯಾಯಾಮದ ನಡುವೆ ಎದೆ ಹಿಡಿದಂತಾದರೆ, ದವಡೆಗೋ ಎಡಗೈಗೋ ನೋವು ಹರಡಿದರೆ, ತಣ್ಣನೆ ಬೆವರಿದರೆ, ಒಮ್ಮೆಲೇ ತಲೆ ತಿರುಗಿದರೆ ಗ್ಯಾಸ್ ಅಂದುಕೊಂಡು ಸೋಡಾ ಕುಡಿಯುತ್ತಾ ಕೂರಬೇಡಿ. ಅಲ್ಲೇ ನಿಲ್ಲಿಸಿ, ಆಸ್ಪತ್ರೆಗೆ ಹೊರಡಿ. ಗಾಡಿ ನೀವು ಓಡಿಸಬೇಡಿ, ಮಗನಿಗೆ ಹೇಳಿ ಅಥವಾ 108ಕ್ಕೆ ಕರೆ ಮಾಡಿ.